ಹೃದಯ ರೋಗವನ್ನು ನೀಲಿ ಶಾಯಿ ಎಂದು ತಿದ್ದುವ ಬಗ್ಗೆ

ಇಂದ:
ದ್ವಿತೀಯ ದರ್ಜೆ ಗುಮಾಸ್ತ,
ದಾಖಲೆ ಕೊಠಡಿ, ಮೂರನೇ ಮಹಡಿ
(ಸದ್ಯಕ್ಕೆ: ನೆಲಮಹಡಿ, ಪಂಪ್ ಕೋಣೆಯ ಪಕ್ಕದ ಕುರ್ಚಿ)

ಗೆ:
ಮುಖ್ಯ ಅಧಿಕಾರಿಗಳು,
ನೀರು ಸರಬರಾಜು ಕಚೇರಿ

ವಿಷಯ: ನನ್ನ ಸೇವಾ ಪುಸ್ತಕದ ಹದಿನೇಳನೇ ಪುಟದಲ್ಲಿ "ತೀವ್ರ ಹೃದಯ ರೋಗ" ಎಂದು ನಮೂದಾಗಿರುವುದನ್ನು "ನೀಲಿ ಶಾಯಿ" ಎಂದು ತಿದ್ದಿಕೊಡುವ ಬಗ್ಗೆ.

ಉಲ್ಲೇಖ: 1) ನನ್ನನ್ನು ನೆಲಮಹಡಿಗೆ ಇಳಿಸಿದ ಕಚೇರಿ ಆದೇಶ.
2) ಹೆಡ್ ಕ್ಲರ್ಕ್ ಅವರ ಮೌಖಿಕ ಆದೇಶ: "ಮೆಟ್ಟಿಲ ಮೇಲೆ ಕಾಲಿಟ್ರೆ ಕಾಲು ಮುರೀತೀನಿ ನೋಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ:

1. ನಾನು ಹತ್ತೊಂಬತ್ತು ವರ್ಷಗಳಿಂದ ಊರಿನ ನೆಲದಡಿಯ ಕೊಳವೆಗಳ ನಕ್ಷೆಗಳನ್ನು ಕಾಪಾಡಿಕೊಂಡು ಬಂದಿರುತ್ತೇನೆ. ಈ ಅವಧಿಯಲ್ಲಿ ನನ್ನ ಹೃದಯವು ಕಚೇರಿಯ ಕೆಲಸಕ್ಕೆ ಯಾವುದೇ ಅಡ್ಡಿಯನ್ನುಂಟುಮಾಡಿರುವುದಿಲ್ಲ.

2. ನನಗೆ ಶಾಯಿ ಪೆನ್ನಿನ ಹುಚ್ಚು ಇರುವುದು ನಿಜ. ಇದೇ ಹುಚ್ಚಿನ ಇನ್ನಿಬ್ಬರು ಈ ಊರಿನಲ್ಲಿದ್ದಾರೆ: ಒಬ್ಬರು ಹಲ್ಲಿನ ಡಾಕ್ಟರಮ್ಮ, ಇನ್ನೊಬ್ಬರು ಬಸ್ ಕಂಡಕ್ಟರ್. ಬಾಲ್ ಪೆನ್ನನ್ನು ಕೈಯಿಂದ ಮುಟ್ಟುವುದಿಲ್ಲವೆಂದು ನಾವು ಮೂವರೂ ಪ್ರತಿಜ್ಞೆ ಮಾಡಿದ್ದೇವೆ. ಕಂಡಕ್ಟರ್ ಮಾತ್ರ ಕೆಲಸದ ವೇಳೆಯಲ್ಲಿ ವಿನಾಯಿತಿ ಪಡೆದಿದ್ದಾರೆ.

3. ಸದರಿ ಘಟನೆಗೆ ಮೂಲ ಕಾರಣವಾದ ಪೆನ್ನು ನನ್ನ ತಂದೆಯವರದು. ಅವರು ಔಷಧಾಲಯದಲ್ಲಿ ಕಾಂಪೌಂಡರ್ ಆಗಿದ್ದು, "ದಿನಕ್ಕೆ ಮೂರು ಸಲ, ಕುಲುಕಿ ಕುಡಿಯಿರಿ" ಎಂದು ಸೀಸೆಗಳ ಮೇಲೆ ಅಂಟಿಸುವ ಚೀಟಿಗಳನ್ನು ಮೂವತ್ತು ವರ್ಷ ಅದರಲ್ಲೇ ಬರೆದರು. ಅವರು ತೀರಿಕೊಂಡ ಮೇಲೆ ಮಂಚ, ಕಪಾಟು, ಗೋಡೆ ಗಡಿಯಾರ ಎಲ್ಲವೂ ನನಗೂ ನನ್ನ ಅಣ್ಣನಿಗೂ ತಕರಾರಿಲ್ಲದೆ ಹಂಚಿಕೆಯಾದವು. ಪೆನ್ನಿಗೆ ಮಾತ್ರ ಇಬ್ಬರೂ ಕೈಹಾಕಿದೆವು. ಬಿಡಲಿಲ್ಲ. ಬೆಳಗ್ಗೆ ಶುರುವಾದ ಜಗಳ ಮಧ್ಯಾಹ್ನವಾದರೂ ಮುಗಿಯದ ಕಾರಣ, ನಮ್ಮ ಸೋದರತ್ತೆ ಎದ್ದು ಬಂದು, ಪೆನ್ನನ್ನು ಕಿತ್ತುಕೊಂಡು, ಮುಚ್ಚಳವನ್ನು ಬಿಚ್ಚಿ ಅಣ್ಣನ ಕೈಗೂ ಉಳಿದದ್ದನ್ನು ನನ್ನ ಕೈಗೂ ಇಟ್ಟು ಹೇಳಿದರು:

"ತಗೊಳ್ಳಿ. ಇಬ್ಬರಿಗೂ ಸಮ ಆಯ್ತು. ಇನ್ನು ಬಾಯಿ ಮುಚ್ಕೊಂಡಿರಿ."

ನಾವಿಬ್ಬರೂ ಆಕೆಯ ಮಾತನ್ನು ಅಕ್ಷರಶಃ ಪಾಲಿಸಿದೆವು. ಆರು ವರ್ಷ ಒಬ್ಬರೊಡನೊಬ್ಬರು ಬಾಯಿ ತೆರೆಯಲಿಲ್ಲ. ಅಣ್ಣನ ಮನೆ ನನ್ನ ಮನೆಯಿಂದ ನಾಲ್ಕು ಬೀದಿ ಆಚೆಗಿದೆ.

4. ಮುಚ್ಚಳವಿಲ್ಲದ ಪೆನ್ನಿನಲ್ಲಿ ಶಾಯಿ ಒಣಗುತ್ತದೆ. ತುಂಬಿಸಿದಷ್ಟೂ ಒಣಗುತ್ತದೆ. ಆರು ವರ್ಷದಲ್ಲಿ ಆ ಪೆನ್ನು ಒಂದು ಅಕ್ಷರವನ್ನೂ ಬರೆದಿರುವುದಿಲ್ಲ. ಆದ್ದರಿಂದ, ಪಕ್ಕದ ಪಟ್ಟಣದಲ್ಲಿ ಇಡೀ ಪ್ರಾಂತ್ಯದ ಪೆನ್ನು ಮೇಳ ನಡೆಯುತ್ತದೆಂದು ಗೊತ್ತಾದಾಗ, ಹೊಂದುವ ಮುಚ್ಚಳವೊಂದು ಅಲ್ಲಿ ಸಿಗಬಹುದೆಂಬ ಆಸೆಯಿಂದ, ಭಾನುವಾರ ನಾವು ಮೂವರೂ ಬಸ್ಸಿನಲ್ಲಿ ಹೊರಟೆವು. ಕಂಡಕ್ಟರ್‌ಗೆ ಅಂದು ರಜೆ. ಆದರೂ ಪ್ರತಿ ನಿಲ್ದಾಣದಲ್ಲೂ "ಒಳಗೆ ಜಾಗ ಇದೆ, ಹೋಗ್ರೀ" ಎಂದು ಕೂಗುವುದನ್ನು ಅವರಿಂದ ತಡೆಯಲಾಗಲಿಲ್ಲ.

5. ಮೇಳವು ಒಂದು ಶಾಲೆಯ ಸಭಾಂಗಣದಲ್ಲಿತ್ತು. ಸಾಲಾಗಿ ಮೇಜುಗಳು, ಮೇಜಿನ ತುಂಬ ಪೆನ್ನುಗಳು, ಎಲ್ಲರ ಬೆರಳಿಗೂ ಶಾಯಿ. ಒಂದು ವಿಷಯವನ್ನು ತಮ್ಮ ಅವಗಾಹನೆಗೆ ತರುತ್ತೇನೆ. ಹೊಸ ಪೆನ್ನು ಕೈಗೆ ಕೊಟ್ಟರೆ ಎಲ್ಲರೂ ಮೊದಲು ತಮ್ಮ ಸಹಿಯನ್ನೇ ಹಾಕುತ್ತಾರೆ. ಹಾಗಾಗಿ ಪರೀಕ್ಷೆಗೆಂದು ಇಟ್ಟಿದ್ದ ಕಾಗದಗಳೆಲ್ಲ ಏನೂ ಬರೆಯದೆ ಬರೀ ಸಹಿ ಮಾಡಿದ ಕರಾರು ಪತ್ರಗಳಂತೆ ಕಾಣುತ್ತಿದ್ದವು.

ಕೊನೆಯ ಮೇಜಿನಲ್ಲಿ ಒಬ್ಬ ಮುದುಕರು ಬರೀ ಮುಚ್ಚಳಗಳ ರಾಶಿ ಹಾಕಿಕೊಂಡು ಕುಳಿತಿದ್ದರು. ನನ್ನ ಪೆನ್ನನ್ನು ತಿರುಗಿಸಿ ನೋಡಿ, "ಇದಕ್ಕೆ ರೋಗ ಏನಿಲ್ಲ. ಟೋಪಿ ಇಲ್ಲ ಅಷ್ಟೇ. ಹುಡುಕ್ಕೊಳ್ಳಿ," ಎಂದರು. ಹನ್ನೊಂದು ಗಂಟೆಯಿಂದ ಹುಡುಕಿದೆವು. ಡಾಕ್ಟರಮ್ಮ ಒಂದೊಂದೇ ಮುಚ್ಚಳದ ಒಳಗೆ ತಮ್ಮ ಹಲ್ಲು ನೋಡುವ ಪುಟ್ಟ ಕನ್ನಡಿಯನ್ನು ಇಳಿಸಿ "ಸವೆದಿದೆ", "ಇದೂ ಸವೆದಿದೆ" ಎಂದು ವರದಿ ಕೊಡುತ್ತಿದ್ದರು. ನಾನು ತಿರುಗಿಸಿ ಹಾಕಿ ನೋಡುತ್ತಿದ್ದೆ. ಕಂಡಕ್ಟರ್ ಎಣಿಸುತ್ತ "ಮುಂದೆ, ಮುಂದೆ" ಎನ್ನುತ್ತಿದ್ದರು. ನೂರ ನಲವತ್ತಮೂರು ಮುಚ್ಚಳಗಳಾದವು. ಒಂದೂ ಕೂಡಲಿಲ್ಲ.

"ಇದರ ಸ್ವಂತ ಕ್ಯಾಪು ಎಲ್ಲಿ ಹೋಯ್ತು?" ಎಂದು ಮುದುಕರು ಕೇಳಿದರು.

"ನಾಲ್ಕು ಬೀದಿ ಆಚೆ ಇದೆ."

ಮುದುಕರು ರಾಶಿಯನ್ನೆಲ್ಲ ತಮ್ಮ ಕಡೆಗೆ ಎಳೆದುಕೊಂಡರು.

6. ಬೇಸರಗೊಂಡ ನನ್ನನ್ನು ಸಮಾಧಾನಪಡಿಸಲು ಡಾಕ್ಟರಮ್ಮ, ತಾವು ಕೊಂಡಿದ್ದ "ಎಂದೆಂದಿಗೂ ಅಳಿಸದ" ನೀಲಿ ಶಾಯಿಯನ್ನು ವಾಪಸ್ ಬರುವ ಬಸ್ಸಿನಲ್ಲೇ ನನ್ನ ಪೆನ್ನಿಗೆ ತುಂಬಿಸಿದರು. ಪೆನ್ನು ಬರೆಯಲಿಲ್ಲ. ಕಟ್ಟಿಕೊಂಡಿದ್ದಿರಬೇಕೆಂದು ಭಾವಿಸಿ, ಚಿಕ್ಕಂದಿನಲ್ಲಿ ತಂದೆಯವರು ಮಾಡುತ್ತಿದ್ದುದನ್ನು ನೋಡಿದ್ದ ಕಾರಣ, ನಿಬ್ಬನ್ನು ಬಾಯಲ್ಲಿಟ್ಟು ಹೀರಿದೆ. ಅದೇ ಸಮಯಕ್ಕೆ ಬಸ್ಸು ಉಬ್ಬು ಹಾರಿತು. ಆರು ವರ್ಷದಿಂದ ಬರೆಯದೆ ಉಳಿಸಿಕೊಂಡಿದ್ದನ್ನೆಲ್ಲ ಪೆನ್ನು ಒಂದೇ ಏಟಿಗೆ ನನ್ನ ಬಾಯಲ್ಲಿ ಬರೆಯಿತು. ಶಾಯಿ ಸೀಸೆಯೂ ಉರುಳಿತು. ಅದನ್ನು ಹಿಡಿಯಲು ಹೋದ ಡಾಕ್ಟರಮ್ಮನ ಹತ್ತೂ ಬೆರಳು, ಕಂಡಕ್ಟರ್ ಅವರ ಎರಡೂ ಅಂಗೈ, ನನ್ನ ತುಟಿ, ನಾಲಿಗೆ, ಉಗುರುಗಳು ನೀಲಿಯಾದವು. ಮನೆಯಲ್ಲಿ ಸೋಪು, ನಿಂಬೆಹಣ್ಣು, ಪಾತ್ರೆ ತಿಕ್ಕುವ ನಾರು ಎಲ್ಲವನ್ನೂ ಪ್ರಯೋಗಿಸಲಾಯಿತು. ಸೀಸೆಯ ಮೇಲೆ ಬರೆದದ್ದು ಸತ್ಯವಾಗಿತ್ತು.

7. ಸೋಮವಾರ ಹೊತ್ತಾಯಿತೆಂದು ಮೂರು ಮಹಡಿಯನ್ನು ಓಡಿ ಹತ್ತಿದೆ. ಏದುಸಿರು ಬಿಡುತ್ತ ಹಾಜರಿ ಪುಸ್ತಕದ ಮುಂದೆ ನಿಂತವನ ನೀಲಿ ತುಟಿಗಳನ್ನೂ ನೀಲಿ ಉಗುರುಗಳನ್ನೂ ನೋಡಿದ ಹೆಡ್ ಕ್ಲರ್ಕ್, "ಅಯ್ಯೋ, ಹೋಗ್ಬಿಟ್ರು!" ಎಂದು ಕೂಗಿದರು. ನಾನು ಇನ್ನೂ ನಿಂತೇ ಇದ್ದೆ. ನಾಲ್ವರು ಸೇರಿ ನನ್ನನ್ನು ಕುರ್ಚಿ ಸಮೇತ ಇಳಿಸಿ ಆಸ್ಪತ್ರೆಗೆ ಸಾಗಿಸಿದರು.

8. ಆಸ್ಪತ್ರೆಯ ಡಾಕ್ಟರರು ಬೆರಳಿಗೆ ಸಿಕ್ಕಿಸಿದ ಯಂತ್ರವು, ಉಗುರಿನ ಮೇಲಿನ ಶಾಯಿಯ ಕಾರಣದಿಂದ, ನನ್ನ ರಕ್ತದಲ್ಲಿ ಉಸಿರೇ ಇಲ್ಲವೆಂದು ತೋರಿಸಿತು. ಕೂಡಲೇ ಬಾಯಿಗೆ ಮಾಸ್ಕ್ ಹಾಕಲಾಯಿತು.

"ಅದು ಶಾ..." ಎಂದೆ.

"ಮಾತಾಡ್ಬೇಡಿ, ಹೃದಯಕ್ಕೆ ಆಯಾಸ ಆಗುತ್ತೆ."

ಬರೆದು ತೋರಿಸುತ್ತೇನೆಂದು ಸನ್ನೆ ಮಾಡಿದೆ. ಅವರು ತಮ್ಮ ಜೇಬಿನಿಂದ ಬಾಲ್ ಪೆನ್ನು ತೆಗೆದುಕೊಟ್ಟರು. ಬೇಡವೆಂದು ತಲೆಯಾಡಿಸಿದೆ. ಮತ್ತೆ ಕೊಟ್ಟರು. ಮತ್ತೆ ತಲೆಯಾಡಿಸಿದೆ. "ರೋಗಿಗೆ ಬುದ್ಧಿಭ್ರಮಣೆಯೂ ಇದೆ" ಎಂದು ಅದೇ ಬಾಲ್ ಪೆನ್ನಿನಲ್ಲಿ ಅವರೇ ಬರೆದುಕೊಂಡರು.

ಅಷ್ಟರಲ್ಲಿ ಸುದ್ದಿ ತಿಳಿದು ಡಾಕ್ಟರಮ್ಮ ಓಡಿ ಬಂದರು.

"ಅವರಿಗೆ ಏನೂ ಆಗಿಲ್ಲ ಕಣ್ರೀ, ಅದು ಶಾಯಿ! ನಾನೂ ಡಾಕ್ಟ್ರೇ."

"ಯಾವ ಡಾಕ್ಟ್ರು?"

"ಹಲ್ಲಿನ ಡಾಕ್ಟ್ರು."

"ಸರಿ, ಹಲ್ಲು ಚೆನ್ನಾಗಿದೆಯಾ ನೋಡಿ. ಮಿಕ್ಕಿದ್ದು ನಾವು ನೋಡ್ಕೋತೀವಿ." ಆಮೇಲೆ ಅವರ ಕಣ್ಣು ಡಾಕ್ಟರಮ್ಮನ ಬೆರಳುಗಳ ಮೇಲೆ ಬಿತ್ತು. "ಅಮ್ಮಾ, ನಿಮಗೆ ಎಷ್ಟು ದಿನದಿಂದ ಹೀಗಿದೆ?"

ಐದು ನಿಮಿಷದಲ್ಲಿ ಡಾಕ್ಟರಮ್ಮ ಪಕ್ಕದ ಹಾಸಿಗೆಯಲ್ಲಿ ಮಲಗಿದ್ದರು. ನೋಡಲು ಬಂದ ಕಂಡಕ್ಟರ್ ಬಾಗಿಲಲ್ಲೇ ಪರಿಸ್ಥಿತಿಯನ್ನು ಗ್ರಹಿಸಿ, ಕೈಗಳನ್ನು ಜೇಬಿಗೆ ಹಾಕಿಕೊಂಡು, "ಒಳಗೆ ಜಾಗ ಇಲ್ಲ" ಎಂದು ಹೊರಟುಹೋದರು.

9. ಸತ್ಯವನ್ನು ಕಂಡುಹಿಡಿದದ್ದು ವಾರ್ಡಿನ ನರ್ಸಮ್ಮ. ಸೂಜಿ ಚುಚ್ಚಲೆಂದು ನನ್ನ ಕೈಯನ್ನು ಸ್ಪಿರಿಟ್ಟಿನಲ್ಲಿ ಒರೆಸಿದಾಗ ಹತ್ತಿ ನೀಲಿಯಾಯಿತು. ಆಕೆ ಹತ್ತಿಯನ್ನು ನೋಡಿದರು. ನನ್ನನ್ನು ನೋಡಿದರು. "ಏನ್ರೀ ಇದು?" ಎಂದು ಬಾಯಿ ತೆರೆಯುವಷ್ಟರಲ್ಲಿ ನನ್ನ ಅಣ್ಣ ಒಳಗೆ ಬಂದನು.

10. ಇದಕ್ಕೆ ಕಚೇರಿಯೇ ಹೊಣೆ. ಕೆಲಸಕ್ಕೆ ಸೇರಿದಾಗ "ತುರ್ತು ಸಂದರ್ಭದಲ್ಲಿ ತಿಳಿಸಬೇಕಾದವರು" ಎಂಬಲ್ಲಿ ನಾನು ಅಣ್ಣನ ಹೆಸರು ಬರೆದಿದ್ದೆ. ಬದಲಾಯಿಸಬೇಕೆಂದು ಆರು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೆ. ಬದಲಾಯಿಸಲಿಲ್ಲ.

ಅಣ್ಣ ಕಾರು ಕಲಿಸುವ ಶಾಲೆ ನಡೆಸುತ್ತಾನೆ. ಫೋನು ಹೋದಾಗ ಅವನು ಪಾಠದಲ್ಲಿದ್ದನು. ಸ್ಟೀರಿಂಗ್ ಹಿಡಿದಿದ್ದವರು ಬೇಕರಿ ನಡೆಸುವ ಒಬ್ಬ ಹೆಂಗಸು. ಅವರಿಗದು ಮೂರನೇ ಪಾಠ. ನಡುರಸ್ತೆಯಲ್ಲಿ ಸೀಟು ಬದಲಾಯಿಸಲು ಹಿಂದಿನ ವಾಹನಗಳು ಬಿಡದ ಕಾರಣ ಆಕೆಯೇ ಆಸ್ಪತ್ರೆಯವರೆಗೂ ಓಡಿಸಿದರು. ಆಕೆ ನಂತರ ನನಗೆ ತಿಳಿಸಿದಂತೆ, ಅಣ್ಣ ದಾರಿಯುದ್ದಕ್ಕೂ ಅಳುತ್ತ, "ಬೇಗ ಹೋಗಮ್ಮಾ, ನನ್ನ ತಮ್ಮ ಸಾಯ್ತಾ ಇದ್ದಾನೆ... ಆದ್ರೂ ಇಂಡಿಕೇಟರ್ ಹಾಕಮ್ಮಾ, ಕನ್ನಡಿ ನೋಡಮ್ಮಾ," ಎನ್ನುತ್ತಿದ್ದನಂತೆ.

ಬಂದವನು ಹಾಸಿಗೆಯ ಪಕ್ಕ ನಿಂತು, ಆರು ವರ್ಷದ ನಂತರದ ಮೊದಲ ಮಾತನ್ನು ಆಡಿದನು:

"ಲೋ ಕತ್ತೆ. ಉಸಿರಾಡೋ."

ಆಮೇಲೆ ತನ್ನ ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡಿದ್ದ ಪೆನ್ನನ್ನು ತೆಗೆದನು. ನೋಡಿದರೆ ಅದು ಪೆನ್ನಲ್ಲ, ಬರೀ ಮುಚ್ಚಳ. ಆರು ವರ್ಷವೂ ಅದನ್ನು ಜೇಬಿಗೆ ಸಿಕ್ಕಿಸಿಕೊಂಡೇ ತಿರುಗಿದ್ದನಂತೆ. ಯಾರಾದರೂ "ಪೆನ್ನು ಕೊಡಿ ಸ್ವಲ್ಪ" ಎಂದರೆ "ಇಂಕು ಖಾಲಿ" ಎಂದು ಹೇಳಿ ಹೇಳಿ, ಊರಿನಲ್ಲಿ ಜಿಪುಣನೆಂಬ ಹೆಸರನ್ನೂ ಪಡೆದಿದ್ದನಂತೆ.

"ಇಟ್ಕೋ," ಎಂದು ಅದನ್ನು ನನ್ನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಚಿದನು. "ನೀನೇ ಇಟ್ಕೋ. ನಂಗೆ ಬೇಡ."

ನರ್ಸಮ್ಮ ನೀಲಿ ಹತ್ತಿಯನ್ನು ಮೆಲ್ಲಗೆ ತಮ್ಮ ಜೇಬಿಗೆ ಹಾಕಿಕೊಂಡು ಬೇರೆ ರೋಗಿಯ ಕಡೆಗೆ ಹೋದರು.

11. ನಾನು ಸುಳ್ಳು ಹೇಳಿರುವುದಿಲ್ಲ. ಬಾಯಿಗೆ ಮಾಸ್ಕ್ ಇತ್ತು. ಮಾಸ್ಕ್ ತೆಗೆದ ಮೇಲೆ ನಾನೇ ಎರಡು ಸಲ ಅದನ್ನು ಮತ್ತೆ ಹಾಕಿಕೊಂಡೆನೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಮೂರನೇ ದಿನ ಬೇರೆ ಡಾಕ್ಟರರು ಬಂದು "ನೀಲಿ ಬಣ್ಣವು ಚಿಕಿತ್ಸೆಗೆ ಸ್ಪಂದಿಸಿ ಕಡಿಮೆಯಾಗಿದೆ" ಎಂದು ಬರೆದು ಡಾಕ್ಟರಮ್ಮನನ್ನೂ ನನ್ನನ್ನೂ ಮನೆಗೆ ಕಳುಹಿಸಿದರು. ಜೊತೆಗೆ ನನಗೆ ಮೂರು ಸೂಚನೆ: ಊಟದಲ್ಲಿ ಉಪ್ಪು ಕೂಡದು, ದಿನವೂ ಸಂಜೆ ಅರ್ಧ ಗಂಟೆ ನಡೆಯಬೇಕು, ಒಬ್ಬನೇ ನಡೆಯಕೂಡದು.

ಅಂದಿನಿಂದ ಐದು ವಾರ, ಸಂಜೆ ಆರಕ್ಕೆ ಸರಿಯಾಗಿ ಅಣ್ಣ ಬರುತ್ತಾನೆ. ಇಬ್ಬರೂ ಕಾಲುವೆ ದಂಡೆಯವರೆಗೆ ನಡೆದು ಬರುತ್ತೇವೆ. ಮೊದಲ ವಾರ ಮಾತು ಹೆಚ್ಚಿರಲಿಲ್ಲ. ಎರಡನೇ ವಾರ ಅಪ್ಪನ ವಿಷಯ ಬಂತು. ಈಗ ಅರ್ಧ ಗಂಟೆ ಸಾಲುತ್ತಿಲ್ಲ. ಮರಳಿ ಬಂದ ಮೇಲೆ ಅತ್ತಿಗೆ ಕಳುಹಿಸಿದ ಉಪ್ಪಿಲ್ಲದ ಊಟವನ್ನು ಅಣ್ಣ ಎದುರಿಗೇ ಕುಳಿತು ನನಗೆ ಉಣ್ಣಿಸುತ್ತಾನೆ. ಉಪ್ಪಿಗಿಂತ ರುಚಿಯಿಲ್ಲವೆಂಬ ಗಾದೆಯನ್ನು ಮಾಡಿದವರು ಇಂಥದೇ ಊಟ ಉಂಡವರೆಂದು ನನ್ನ ನಂಬಿಕೆ.

12. ಇತ್ತ ಕಚೇರಿಯಲ್ಲಿ ನನ್ನನ್ನು ಗಾಜಿನ ಲೋಟದಂತೆ ನೋಡಿಕೊಳ್ಳಲಾಗುತ್ತಿದೆ. ಫೈಲು ಎತ್ತುವಂತಿಲ್ಲ. ನನ್ನೆದುರು ಯಾರೂ ಜೋರಾಗಿ ನಗುವಂತಿಲ್ಲ. ತಾವು ಯಾರನ್ನಾದರೂ ಬಯ್ಯುವಾಗ ನನಗೆ ಕೇಳಿಸದಿರಲೆಂದು ಕಿಟಕಿ ಮುಚ್ಚಲಾಗುತ್ತದೆ. ಕಳೆದ ಗುರುವಾರ ಮಾರುಕಟ್ಟೆ ರಸ್ತೆಯ ಕೊಳವೆ ಒಡೆದಾಗ ನಕ್ಷೆ ಎಲ್ಲಿದೆಯೆಂದು ನನಗೊಬ್ಬನಿಗೇ ಗೊತ್ತಿತ್ತು. ನನ್ನನ್ನು ಮೆಟ್ಟಿಲು ಹತ್ತಲು ಬಿಡಲಿಲ್ಲ. ನಾನು ಕೆಳಗಿನಿಂದ "ಎಡಗಡೆ ಕಪಾಟು, ಮೇಲಿನಿಂದ ಮೂರನೇ ಕಟ್ಟು!" ಎಂದು ಕೂಗಿದೆ. ಹೆಡ್ ಕ್ಲರ್ಕ್ "ಕೂಗ್ಬೇಡಿ, ಉದ್ವೇಗ ಕೂಡದು" ಎಂದು ನನ್ನ ಬಾಯಿ ಮುಚ್ಚಿದರು. ಮೇಲಿದ್ದವರು ಬಲಗಡೆ ಕಪಾಟಿನ ಮೂರನೇ ಕಟ್ಟನ್ನು ತಂದರು. ಅದರಂತೆ ಅಗೆದು ಎರಡನೇ ಕೊಳವೆಯನ್ನೂ ಒಡೆಯಲಾಯಿತು. ಆ ಸಂಜೆ ಮಾರುಕಟ್ಟೆಯಲ್ಲಿ ಜನ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಓಡಾಡಿದ್ದನ್ನು ತಾವೂ ನೋಡಿದ್ದೀರಿ.

13. ಈ ಕಾರಣ, ಸತ್ಯವನ್ನು ಹೇಳಲೇಬೇಕೆಂದು ತೀರ್ಮಾನಿಸಿ, ಮೊನ್ನೆ ನಡೆಯುವಾಗ ಅಣ್ಣನಿಗೆ ಮೊದಲು ತಿಳಿಸಿದೆ.

"ಅಣ್ಣಾ, ನಂಗೆ ಹೃದಯದ ರೋಗ ಇಲ್ಲ. ಅದು ಶಾಯಿ."

ಅವನು ನಡೆಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತು."

"ಯಾವಾಗಿಂದ?"

"ಮೊದಲ್ನೇ ದಿನದಿಂದ. ನಿನ್ನ ತಲೆದಿಂಬೆಲ್ಲ ನೀಲಿ ಆಗಿತ್ತು. ರೋಗ ಬಣ್ಣ ಬಿಡುತ್ತೇನೋ?"

"ಮತ್ತೆ ಐದು ವಾರದಿಂದ ಉಪ್ಪಿಲ್ಲದ ಊಟ ಯಾಕೆ ಹಾಕಿದೆ?"

"ಆರು ವರ್ಷದ ಸಿಟ್ಟು ಕಣೋ. ಇನ್ನು ಹೇಗೆ ತೀರಿಸ್ಕೊಳ್ಳಲಿ? ಹೊಡೆಯೋ ವಯಸ್ಸು ಮೀರಿದೆ." ಸ್ವಲ್ಪ ದೂರ ನಡೆದ ಮೇಲೆ ಹೇಳಿದನು: "ಇನ್ನೂ ಒಂದು ವರ್ಷದ್ದು ಬಾಕಿ ಇದೆ. ಡಾಕ್ಟ್ರು ಬರೆದುಕೊಟ್ಟಿದ್ದನ್ನ ಕಚೇರಿಯವರು ತೆಗೆಯೋವರೆಗೂ ನಾನು ತೆಗೆಯೋದಿಲ್ಲ. ಕಾಗದ ಅಂದ್ರೆ ಕಾಗದ."

ಆದ್ದರಿಂದ, ಮೇಲಿನ ಎಲ್ಲ ಕಾರಣಗಳನ್ನು ಸಹಾನುಭೂತಿಯಿಂದ ಪರಿಶೀಲಿಸಿ, ಸದರಿ ನಮೂದನ್ನು ತಿದ್ದಿಸಿ, ನನ್ನನ್ನು ಮೂರನೇ ಮಹಡಿಗೆ ಹತ್ತಲು ಬಿಡಬೇಕೆಂದು ಕೋರುತ್ತೇನೆ. ಈ ಅರ್ಜಿಯನ್ನು ತಂದೆಯವರ ಪೆನ್ನಿನಲ್ಲೇ ಬರೆಯಲಾಗಿದ್ದು, ಅಕ್ಷರಗಳು ಅಲ್ಲಲ್ಲಿ ಹಾರಿರುವುದು ಪಂಪಿನ ಅದುರಿಕೆಯಿಂದಲೇ ಹೊರತು ಕೈನಡುಕದಿಂದಲ್ಲ.

ಇಂತಿ,
ತಮ್ಮ ವಿಶ್ವಾಸಿ, ಸಂಪೂರ್ಣ ಆರೋಗ್ಯವಂತ,
(ಸಹಿ, ಶಾಯಿಯಲ್ಲಿ)

ಲಗತ್ತುಗಳು:
ಅ) ನೀಲಿ ಹತ್ತಿ, ಒಂದು ಉಂಡೆ. ನರ್ಸಮ್ಮ ಲಕೋಟೆಯಲ್ಲಿಟ್ಟು ಕೊಟ್ಟಿದ್ದು.
ಆ) ಹಲ್ಲಿನ ಡಾಕ್ಟರಮ್ಮನ ಪ್ರಮಾಣಪತ್ರ. ನನ್ನ ಹೃದಯ ಗಟ್ಟಿಯಾಗಿದೆ, ಕೆಳದವಡೆಯ ಒಂದು ಹಲ್ಲು ಮಾತ್ರ ಅಲುಗಾಡುತ್ತಿದೆ ಎಂದು.
ಇ) ಮಾರುಕಟ್ಟೆ ರಸ್ತೆಯ ಸರಿಯಾದ ನಕ್ಷೆ. ಇದನ್ನು ತರಲು ಊಟದ ವೇಳೆಯಲ್ಲಿ ಕದ್ದು ಮೆಟ್ಟಿಲು ಹತ್ತಿದ್ದಕ್ಕೆ ಕ್ಷಮೆಯಿರಲಿ.

ವಿಶೇಷ ಕೋರಿಕೆ: ತಿದ್ದುಪಡಿ ಆದೇಶದ ಒಂದು ಪ್ರತಿಯನ್ನು ಕಚೇರಿಯ ಮೊಹರಿನೊಂದಿಗೆ ನನ್ನ ಅಣ್ಣನಿಗೂ ಕಳುಹಿಸಬೇಕು. ಅದರಲ್ಲಿ ಉಪ್ಪು ತಿನ್ನಲು ಅಡ್ಡಿಯಿಲ್ಲವೆಂದು ಸ್ಪಷ್ಟವಾಗಿ, ದಪ್ಪಕ್ಷರದಲ್ಲಿ ನಮೂದಿಸಬೇಕು. ಸಂಜೆ ಒಬ್ಬನೇ ನಡೆಯಕೂಡದೆಂಬ ಸೂಚನೆಯ ಬಗ್ಗೆ ದಯವಿಟ್ಟು ಏನನ್ನೂ ಬರೆಯದೆ ಸುಮ್ಮನಿರಬೇಕು.