ಗಿಡ್ಡ ಗಾಲಿಯ ಸವತಿಯರು

ಗಂಡ ಕುಡಿಯುವವನಾದರೆ ಬಾಯಿತುಂಬ ಬಯ್ಯಬಹುದು. ಇಸ್ಪೀಟಾಡುವವನಾದರೆ ಎಲೆಗಳನ್ನು ಹರಿದು ಬಿಸಾಡಬಹುದು. ಹಳೆಯ ಗಿಡ್ಡ ಗಾಲಿಯ ಸೈಕಲ್ಲುಗಳನ್ನು ಹುಡುಕಿ ತಂದು ಜೀರ್ಣೋದ್ಧಾರ ಮಾಡುವ ಗಂಡನನ್ನು ಏನು ಮಾಡುವುದು? ಯಾರ ಹತ್ತಿರ ದೂರಿದರೂ "ಪಾಪ, ಒಳ್ಳೇ ಹವ್ಯಾಸ" ಎನ್ನುತ್ತಾರೆ. (ಹಾಗೆಂದವರ ಮನೆಗೆಲ್ಲ ಒಂದೊಂದು ಸೈಕಲ್ಲು ಸಾಗಹಾಕಬೇಕೆಂಬುದು ಮನೆಯ ಹಾಲ್‌ನಲ್ಲೇ ಬಟ್ಟೆ ಹೊಲಿಯುವ ಟೈಲರಮ್ಮನ ಬಹುದಿನದ ಆಸೆ.)

ಅವಳ ಗಂಡ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದುವವನು. ಗ್ರಹಚಾರ ವಕ್ಕರಿಸಿದ್ದೇ ಅಲ್ಲಿಂದ. ಜನ ಮೀಟರನ್ನು ಮೆಟ್ಟಿಲ ಕೆಳಗೆ ಇಟ್ಟಿರುತ್ತಾರೆ, ಬೇಡವಾದ ಸೈಕಲ್ಲನ್ನೂ ಅಲ್ಲೇ ತುರುಕಿರುತ್ತಾರೆ. ಬೇರೆ ಮೀಟರಿನವರು ಅಂಕಿ ಬರೆದುಕೊಂಡು ಮುಂದಿನ ಮನೆಗೆ ನಡೆಯುತ್ತಾರೆ. ಈ ಮಹಾನುಭಾವ ಮಾತ್ರ ಮಂಡಿಯೂರಿ, ಟಾರ್ಚು ಬಿಟ್ಟು, ಜೇಡರ ಬಲೆಯೊಳಗೆ ತಲೆ ಹಾಕಿ, "ಇದನ್ನ ಕೊಡ್ತೀರಾ?" ಎಂದು ಹಲ್ಲುಗಿಂಜುತ್ತಿದ್ದ. ಪೀಡೆ ತೊಲಗಿದರೆ ಸಾಕೆಂದು ಕಾಯುತ್ತಿದ್ದವರು ಬೇಡ ಎನ್ನುತ್ತಾರೆಯೇ? ಹೊಸಿಲವರೆಗೆ ತಾವೇ ಎತ್ತಿಕೊಂಡು ಬಂದು ಕೊಡುತ್ತಿದ್ದರು.

ಹೀಗೆ ಬಂದ ಸವತಿಯರು ಹಾಲ್‌ನ ಕಿಟಕಿಯ ಪಕ್ಕ ಠಿಕಾಣಿ ಹೂಡಿದ್ದರು. ಒಬ್ಬಳಿಗೆ ಬ್ರೇಕಿಲ್ಲ, ಇನ್ನೊಬ್ಬಳಿಗೆ ಸೀಟಿಲ್ಲ. ಟೈರಿನ ಕಥೆಯಂತೂ ಕೇಳಲೇಬಾರದು. ಎರಡು ಟೈರಿನ ಮೇಲೂ ಒಂದೇ ಅಳತೆ ಬರೆದಿರುತ್ತದೆ. ಒಂದು ಗಾಲಿಗೆ ಹತ್ತುವುದೇ ಇಲ್ಲ, ಇನ್ನೊಂದು ದೊಗಲೆ ಬಳೆಯ ಹಾಗೆ ಜಾರಿ ಬೀಳುತ್ತದೆ. ಎಲ್ಲರಲ್ಲೂ ಪಟ್ಟದರಾಣಿಯೆಂದರೆ ನೀಲಿ ಬಣ್ಣದ ಮಡಚುವ ಸೈಕಲ್ಲು. ಅದರ ನಡುವಿನ ಕೀಲನ್ನು ಬಿಗಿಯುವ ಬಾಗಿದ ಹಿಡಿಯೊಂದು ಕಳೆದುಹೋಗಿತ್ತು. ಗಂಡ ಆ ಹಿಡಿಗಾಗಿ ಕಂಡು ಕೇಳದ ಊರಿಗೆಲ್ಲ ಫೋನು ಹಚ್ಚಿದ. ಊಟಕ್ಕೆ ಕೂತಾಗಲೆಲ್ಲ ಅದರದೇ ಗುಣಗಾನ: ಹೆಬ್ಬೆರಳಿನ ಗಾತ್ರ, ತುದಿಯಲ್ಲಿ ಗುಂಡು, ಒಳಮೈಯಲ್ಲಿ ಸಣ್ಣ ಹಲ್ಲು. ಟೈಲರಮ್ಮನಿಗೆ ಸ್ವಂತ ತಂಗಿಯ ಮೂಗು ಹೇಗಿದೆಯೆಂಬುದು ಮರೆತಿತ್ತು, ಆ ಹಿಡಿ ಮಾತ್ರ ಕಂಠಪಾಠವಾಗಿತ್ತು.

ಒಂದು ಭಾನುವಾರ ಬೆಳಗ್ಗೆ ಹಲ್ಲಿನ ಡಾಕ್ಟರಮ್ಮನ ಹಾಲುಬಣ್ಣದ ರೇಷ್ಮೆ ಗೌನನ್ನು ಇಸ್ತ್ರಿಗೆಂದು ಎತ್ತಿದಾಗ ಅದರ ಬೆನ್ನುದ್ದಕ್ಕೂ ಚೈನಿನ ಕಪ್ಪು ಗ್ರೀಸು ಕಂಡಿತು. ಮರುದಿನವೇ ಒಪ್ಪಿಸಬೇಕಾದ ಗೌನು. ಬೆನ್ನಿನ ಭಾಗವನ್ನು ಹೊಸದಾಗಿ ಕತ್ತರಿಸಿ ಹೊಲಿಯದೆ ಗತಿಯಿಲ್ಲ. ಕತ್ತರಿಸಲು ಮೇಜು ಬೇಕು, ಮೇಜಿಗೆ ಕಿಟಕಿಯ ಬೆಳಕು ಬೇಕು, ಕಿಟಕಿಯ ಬಳಿ ಸೈಕಲ್ಲು! ಅವಳ ಪಿತ್ತ ನೆತ್ತಿಗೇರಿತು.

"ರೀ! ಇಲ್ಲಿ ಬನ್ನಿ! ಇದೇನು?"

ಗಂಡ ಟೂತ್‌ಬ್ರಷ್ಷಿನಿಂದ ಬೆಲ್ಲಿನ ತುಕ್ಕು ಉಜ್ಜುತ್ತಲೇ ಬಂದ. (ಟೂತ್‌ಬ್ರಷ್ಷು ಅವಳದು.)

"ಗ್ರೀಸು ಕಣೇ. ಸೀಮೆಎಣ್ಣೆ ಹಾಕಿ ಉಜ್ಜಿದ್ರೆ..."

"ನಿಮ್ಮ ತಲೆಗೆ ಹಾಕಿ ಉಜ್ಜಿ! ಇದು ನನ್ನ ಅನ್ನ ಕಣ್ರೀ! ಈ ಹಾಲ್ ನಂಬ್ಕೊಂಡು ಜನ ನನಗೆ ಬಟ್ಟೆ ಕೊಡ್ತಾರೆ. ನಾನಿರಬೇಕು, ಇಲ್ಲ ಇವಿರಬೇಕು. ಒಂದು ತೀರ್ಮಾನ ಮಾಡಿ!"

"ಆ ಹಿಡಿ ಒಂದು ಸಿಕ್ಕಿಬಿಟ್ರೆ..."

ಹಿಡಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವಳು ಪಟ್ಟದರಾಣಿಯನ್ನು ಕೊಂಬು ಹಿಡಿದು ಎಳೆದುಕೊಂಡು ಬೀದಿಗಿಳಿದಳು. "ಗುಜರಿಗೆ ಹಾಕಿ ಬರ್ತೀನಿ. ಇವತ್ತು ಇದು, ನಾಳೆ ಮಿಕ್ಕಿದ್ದು!"

ದಾರಿಯುದ್ದಕ್ಕೂ ಪಟ್ಟದರಾಣಿ ಸುಮ್ಮನೆ ಬರಲಿಲ್ಲ. ಹಿಡಿಯಿಲ್ಲದ ಕೀಲಿಗೆ ಗಂಡ ಬಟ್ಟೆಯ ಅಂಚು ಕಟ್ಟಿದ್ದ. (ಅದೂ ಅವಳದೇ.) ಅದು ತಿರುವಿಗೊಮ್ಮೆ ಸಡಿಲಾಗಿ, ಸೈಕಲ್ಲು ನಡುಬೀದಿಯಲ್ಲಿ ತಾನೇ ಮಡಚಿಕೊಂಡು ಅವಳ ಮೊಣಕಾಲಿಗೆ ಬಡಿಯುತ್ತಿತ್ತು. ಬೇಕರಿಯ ಮುಂದೆ ನಿಂತವರು ನಕ್ಕರು. ಅವಳಿಗೆ ಅಳು ಬರುವಷ್ಟು ಸಿಟ್ಟು ಬಂತು.

ಗುಜರಿ ಅಂಗಡಿಯ ಮೀಸೆಯವನು ಸೈಕಲ್ಲನ್ನು ಒಮ್ಮೆ ಮೇಲೆ ಕೆಳಗೆ ನೋಡಿದ.

"ಹಾಕಿ ಅಕ್ಕ, ಆ ಮೂಲೆಗೆ. ಇದೇ ಜಾತಿದು ಕೆಂಪುದೊಂದು ಒಳಗೆ ಬಿದ್ದಿದೆ. ಎರಡನ್ನೂ ಒಟ್ಟಿಗೆ ಒಡೆದುಹಾಕ್ತೀನಿ."

ಅವನು ಕೆಂಪು ಸೈಕಲ್ಲನ್ನು ದರದರನೆ ಎಳೆದು ತಂದು ಕೆಡವಿ, ಸುತ್ತಿಗೆ ಎತ್ತಿದ. ಟೈಲರಮ್ಮನ ಕಣ್ಣು ಸುತ್ತಿಗೆ ಬೀಳಲಿದ್ದ ಜಾಗಕ್ಕೆ ಹೋಯಿತು. ಹೆಬ್ಬೆರಳಿನ ಗಾತ್ರ. ತುದಿಯಲ್ಲಿ ಗುಂಡು.

"ನಿಲ್ಲಿಸ್ರೀ!"

ಆ ಕೂಗಿಗೆ ಪಕ್ಕದಂಗಡಿಯವನೂ ಎದ್ದು ಬಂದ.

"ಯಾಕಕ್ಕ?"

"ಯಾಕಂತೆ! ಕಣ್ಣು ಕಾಣಲ್ವಾ ನಿಮಗೆ? ಅದು ಕೀಲಿನ ಹಿಡಿ! ಎಲ್ಲೂ ಸಿಗಲ್ಲ ಅದು! ಸುತ್ತಿಗೆ ಕೆಳಗಿಡಿ ಮೊದಲು!"

ಮೀಸೆಯವನು ಹೆದರಿ ಸುತ್ತಿಗೆ ಕೆಳಗಿಟ್ಟ. ಹೋಗಲಿ, ಪೆಡಲ್ಲಾದರೂ ಬಿಚ್ಚೋಣವೆಂದು ಎಡಗಡೆಯ ಪೆಡಲ್ಲಿಗೆ ನಟ್ಟು ಬಿಚ್ಚುವ ಪಾನ ಹಾಕಿ ತಿರುಗಿಸಹೋದ.

"ಅಯ್ಯೋ, ಎಡಗಡೆದು ತಿರುಪಿನ ಮರೆ ಉಲ್ಟಾ ಕಣ್ರೀ! ಆ ಕಡೆ ತಿರುಗಿಸಿದ್ರೆ ಬಿಗಿಯಾಗುತ್ತೆ! ಇಷ್ಟೂ ಗೊತ್ತಿಲ್ಲದೆ ಗುಜರಿ ಇಟ್ಕೊಂಡಿದ್ದೀರಾ? ಕೊಡಿ ಇಲ್ಲಿ!"

ತಾನೇ ಕುಕ್ಕರಗಾಲಲ್ಲಿ ಕೂತಳು. ಹಿಡಿಯನ್ನು ಬಿಚ್ಚಿ ತೆಗೆದು ಒಳಮೈಗೆ ಬೆರಳು ಹಾಕಿ ನೋಡಿದಳು, ಸಣ್ಣ ಹಲ್ಲುಗಳು ಒಂದೂ ಸವೆದಿರಲಿಲ್ಲ. ಮುಂದಿನ ಟೈರು ನೋಡಿದಳು. ಗಂಡ ಒದ್ದಾಡುತ್ತಿದ್ದ ಅದೇ ಅಳತೆ. ಸೀಟೂ ಭದ್ರವಾಗಿತ್ತು. ಇಂಥ ಸೈಕಲ್ಲನ್ನು ಒಡೆಯಹೊರಟವನನ್ನು ಜೈಲಿಗೆ ಹಾಕಬೇಕು ಅನ್ನಿಸಿತು. ಮೀಸೆಯವನಿಗೆ ಈ ಹೆಂಗಸು ಅಂಗಡಿಯಿಂದ ಹೋದರೆ ಸಾಕಾಗಿತ್ತು. "ಎರಡನ್ನೂ ತಗೊಂಡು ಹೋಗಿ ತಾಯಿ, ಕೈ ಮುಗೀತೀನಿ" ಎಂದ.

ಒಂದನ್ನು ತೊಲಗಿಸಲು ಹೋದವಳು ಎಡಗೈಲೊಂದು ಬಲಗೈಲೊಂದು ಹಿಡಿದು ಏದುಸಿರು ಬಿಡುತ್ತ ಮನೆಗೆ ಬಂದಳು. ಗಂಡನಿಗೆ ಏನು ಹೇಳುವುದೆಂದು ದಾರಿಯಲ್ಲೇ ಯೋಚಿಸಿಟ್ಟುಕೊಂಡಿದ್ದಳು: ಮೊದಲು ಚೆನ್ನಾಗಿ ಬಯ್ಯುವುದು, ಆಮೇಲೆ ಹಿಡಿ ತೋರಿಸುವುದು, ಅವನ ಮುಖ ನೋಡುವುದು.

ಬಾಗಿಲು ತಳ್ಳಿದಳು. ಹಾಲ್ ಥಳಥಳ ಹೊಳೆಯುತ್ತಿತ್ತು. ಕಿಟಕಿಯ ಬಳಿ ಮೇಜು, ಮೇಜಿನ ಮೇಲೆ ಹಾಸಿದ ರೇಷ್ಮೆ, ಪಕ್ಕದಲ್ಲಿ ಕತ್ತರಿ. ಒಂದು ಸೈಕಲ್ಲಿಲ್ಲ, ಒಂದು ನಟ್ಟಿಲ್ಲ. ಗಂಡ ನೆಲ ಒರೆಸುವ ಬಟ್ಟೆ ಹಿಂಡುತ್ತಿದ್ದ.

"ಎಲ್ಲಿ?" ಎಂದಳು.

"ಕೊಟ್ಟುಬಿಟ್ಟೆ ಕಣೇ. ಪೋಸ್ಟ್‌ಮ್ಯಾನ್‌ಗೂ ಇದೇ ಹುಚ್ಚಲ್ವಾ, ಗಾಡಿ ತಂದು ತುಂಬ್ಕೊಂಡು ಹೋದ. ಸೈಕಲ್ಲು, ಟೈರು, ಪಾನ, ಗ್ರೀಸು, ಎಲ್ಲ. ಆ ಗೌನು ನೋಡಿ ನಿಜವಾಗ್ಲೂ ನಾಚಿಕೆ ಆಯ್ತು ನನಗೆ. ನಿನ್ನ ಅನ್ನಕ್ಕೆ ಕಲ್ಲು ಹಾಕಿದೆ ನಾನು."

"ಪಾನಾನೂ ಕೊಟ್ರಾ?"

"ಅದನ್ನೂ."

"ಯಾರನ್ನ ಕೇಳಿ ಕೊಟ್ರಿ?"

"ನೀನೇ ಅಲ್ವೇನೇ ಬೆಳಗ್ಗೆ..."

"ನಾನು ಸಾವಿರ ಹೇಳ್ತೀನಿ! ಕಟ್ಕೊಂಡಾಗಿಂದ ನನ್ನ ಮಾತು ಒಂದು ದಿನ ಕೇಳಿದ್ದೀರೇನ್ರೀ? ಇವತ್ತೇ ಕೇಳಬೇಕಿತ್ತಾ?"

ಅವಳ ಕೂಗಿಗೆ ಕಿಟಕಿಯ ಗಾಜು ನಡುಗಿತು. ಹಿಡಿಯನ್ನು ಅವನ ಮೂಗಿನ ಮುಂದೆ ಆಡಿಸಿದಳು. ಗಂಡ ಅದನ್ನು ನೋಡಿದ, ಕೆಂಪು ಸೈಕಲ್ಲನ್ನು ನೋಡಿದ, ಒಂದು ಸಲ ಉಗುಳು ನುಂಗಿದ. ಆದರೆ ಆಸಾಮಿ ಜಗ್ಗಲಿಲ್ಲ.

"ಚೆನ್ನಾಗಿದೆ. ಆದ್ರೆ ನಾನು ಬಿಟ್ಟಾಯ್ತು."

"ಬಿಟ್ಟಾಯ್ತಾ? ಮತ್ತೆ ಇದನ್ನ ಕೂರಿಸೋರು ಯಾರು?"

ಅವಳು ಹೊಲಿಗೆ ಯಂತ್ರದ ಸ್ಕ್ರೂಡ್ರೈವರನ್ನೂ ಎಣ್ಣೆಯ ಡಬ್ಬಿಯನ್ನೂ ಎಳೆದುಕೊಂಡು, ಗಂಡನನ್ನು, ಪೋಸ್ಟ್‌ಮ್ಯಾನನನ್ನು, ಗಿಡ್ಡ ಗಾಲಿ ಕಂಡುಹಿಡಿದವನನ್ನು ಒಂದೇ ಉಸಿರಿನಲ್ಲಿ ಶಪಿಸುತ್ತ ಪಟ್ಟದರಾಣಿಯನ್ನು ಹೊಸಿಲು ದಾಟಿಸಹೋದಳು.

ಗಂಡ ಒದ್ದೆ ಬಟ್ಟೆ ಹಿಡಿದುಕೊಂಡು ಅಡ್ಡ ನಿಂತ.

"ಒಳಗೆ ತರಬೇಡ ಕಣೇ, ಈಗಷ್ಟೇ ಒರೆಸಿದ್ದೀನಿ. ಆ ಮಸಿ ಕೈಯಲ್ಲಿ ರೇಷ್ಮೆನೂ ಮುಟ್ಟಬೇಡ. ಡಾಕ್ಟರಮ್ಮನಿಗೆ ಬೇಕಾದ್ರೆ ನಾನೇ ಫೋನ್ ಮಾಡಿ ಹೇಳ್ತೀನಿ, ಗೌನು ನಾಳೆ ಆಗಲ್ಲ, ಟೈಲರಮ್ಮ ಸೈಕಲ್ ರಿಪೇರಿಗೆ ಕೂತಿದ್ದಾರೆ ಅಂತ."