ಲೇತವ್ವನ ಪ್ರಸಾದ

ಗೋಕುಲ ರಸ್ತೆಯ ಶೆಡ್ಡುಗಳಲ್ಲಿ ದಂಧೆ ಇಳಿದಷ್ಟೂ ಕರ ಏರುವುದು ಯಾವ ನ್ಯಾಯವೋ ಆ ಶಿವನೇ ಬಲ್ಲ. ಗುರುಬಸವನ ಕಬ್ಬಿಣ ಕಡೆಯುವ ಲೇಥ್ ಮಷೀನು ಯುಗಾದಿಯಿಂದ ತಿರುಗಿರಲಿಲ್ಲ. ಕೊನೆಗೆ ಹೆಬ್ಬಳ್ಳಿಯ ರೈತನೊಬ್ಬ ಟ್ರ್ಯಾಕ್ಟರಿನ ಪಿನ್ನುಗಳಿಗೆ ಮುಂಗಡ ಕೊಟ್ಟು, ನಾಳೆ ಮುಂಜಾನೆಯೇ ಬೇಕು ಅಂದಿದ್ದ. ಅಮಾವಾಸ್ಯೆಯಾದ್ದರಿಂದ ಮಷೀನಿಗೆ ಪೂಜೆ ಮಾಡಿ, ಇನ್ನೇನು ಚಾಲೂ ಮಾಡಬೇಕು, ಪಕ್ಕದ ವೆಲ್ಡಿಂಗ್ ಅಂಗಡಿಯ ಇಸ್ತಿಯಾಕ ಓಡಿಬಂದ.

"ಗುರಣ್ಣಾ, ಟ್ಯಾಕ್ಸ್ ಸಾಹೇಬ ಬರಾಕತ್ತಾನ. ದಂಧೇದ ಕರ ತುಂಬದವರ ಶೆಡ್ಡಿಗೆ ಕೀಲಿ ಹಾಕಾಕತ್ತಾನ."

ಗುರುಬಸವ ಸ್ವಿಚ್ಚಿನ ಮೇಲಿಂದ ಕೈ ತೆಗೆದ. "ಕೀಲಿ ಬಿದ್ರ ಈ ಆರ್ಡರೂ ಹೋತಲ್ಲೋ."

ಎದುರಿನ ಚಹಾದಂಗಡಿಯ ಮುತ್ತವ್ವ ಕೇಳದಿದ್ದರೂ ಬುದ್ಧಿ ಹೇಳುವಾಕೆ. ಮಷೀನಿನ ಮೇಲಿನ ಕುಂಕುಮ, ಹೂವು ನೋಡಿದಳು. "ಗುಡಿಗೆ ಯಾವ ಕರಾನಪಾ? ಅರ್ಧಾ ದೇವಿ ನೀನ ಮಾಡೀದಿ, ಉಳದರ್ಧಾ ನಾ ಮಾಡ್ತೇನಿ" ಎಂದು ತನ್ನ ಇಳಕಲ್ ಸೀರೆ ತಂದು ಮಷೀನಿಗೆ ಉಡಿಸಿಯೇಬಿಟ್ಟಳು. ಇಸ್ತಿಯಾಕ ತಗಡಿನಲ್ಲಿ ಎರಡು ಕಣ್ಣು ಕತ್ತರಿಸಿ ಅಂಟಿಸಿದ. ವರ್ಕ್‌ಶಾಪಿನ ಬೋರ್ಡು ಇಳಿಯಿತು, ಗಂಟೆ ಏರಿತು. ಗುರುಬಸವ ಅಂಗಿ ಕಳಚಿ, ಮೈತುಂಬ ವಿಭೂತಿ ಬಳಿದುಕೊಂಡು ಕುಳಿತ. ದಂಧೆಯಿಲ್ಲದ ಓಣಿಯವರಿಗೆ ಬೇರೆ ಕೆಲಸವಾದರೂ ಏನಿತ್ತು? "ಲೇತವ್ವಾ, ನಮಗೂ ಒಂದು ಆರ್ಡರ್ ಕೊಡಸವ್ವಾ" ಎಂದು ಸಾಲುಗಟ್ಟಿ ಕಾಯಿ ಒಡೆಯತೊಡಗಿದರು.

ಸಾಹೇಬ ಬೂಟು ಹೊರಗೆ ಬಿಟ್ಟು ಒಳಗೆ ಬಂದ. "ಇದು ಗುಡಿಯೋ, ವರ್ಕ್‌ಶಾಪೋ?"

"ಗುಡೀರಿ ಸಾಹೇಬ್ರ," ಎಂದಳು ಮುತ್ತವ್ವ. ಅಷ್ಟಕ್ಕೆ ಸುಮ್ಮನಿದ್ದರೆ ಆಕೆ ಮುತ್ತವ್ವ ಹೇಗಾದಾಳು? "ಭಾಳ ಜಾಗೃತ ದೇವಿ. ಏನ ಕೇಳ್ರಿ, ಹೂ ಕೊಟ್ಟು ಖರೇ ಹೇಳ್ತಾಳ."

ಸಾಹೇಬನೋ ದೈವಭಕ್ತ. "ಹಂಗಾರ ಆಕೀನ ಹೇಳ್ಲಿ" ಎಂದು ಕೈಮುಗಿದ. "ಅವ್ವಾ, ಇದು ಗುಡಿ ಇದ್ರ ಎಡಕ್ಕ ಹೂ ಕೊಡು, ವರ್ಕ್‌ಶಾಪ್ ಇದ್ರ ಬಲಕ್ಕ ಕೊಡು."

ಓಣಿಗೆ ಓಣಿಯೇ ಹೂವಿನ ಕಡೆ ಕತ್ತು ಚಾಚಿತು. ಎಣ್ಣೆ ಮೆತ್ತಿದ ಕಬ್ಬಿಣದ ಮೇಲೆ ಹೂವು ಎಷ್ಟು ಹೊತ್ತು ನಿಂತೀತು? ದಾಸವಾಳವೊಂದು ಮೆಲ್ಲಗೆ ಜಾರಿ ಬಲಕ್ಕೆ ಬಿತ್ತು.

"ಅವ್ವನ ಮಾತು ಮೀರಾಕ ಬರಂಗಿಲ್ಲ, ಕರ ತುಂಬ್ರಿ," ಎಂದ ಸಾಹೇಬ. ಗುರುಬಸವ ರೈತನ ಮುಂಗಡವನ್ನೆಲ್ಲ ಸಾಹೇಬನ ಕೈಗೆ ಸುರಿದ. ಹೋಗಲಿ, ಕೀಲಿಯಂತೂ ಬೀಳಲಿಲ್ಲ, ಪಿನ್ನು ಮಾಡಿಕೊಟ್ಟು ಉಳಿದ ರೊಕ್ಕ ತಂದರಾಯಿತೆಂದು ಸೀರೆ ಬಿಚ್ಚಲು ಹೋದ.

ಮುತ್ತವ್ವ ಕೈ ಹಿಡಿದಳು. "ಹುಚ್ಚ ಅದೀಯೇನ? ಎಲ್ಲಾರ ಮುಂದ ಹೂ ಕೊಟ್ಟ ದೇವೀನ್ನ ಕರೆಂಟ್ ಹಚ್ಚಿ ತಿರಗಸ್ತೀ?"

"ಅಲ್ಲಬೇ, ಇದು ವರ್ಕ್‌ಶಾಪ್ ಅಂತ ಆಕೀನ ಹೇಳ್ಯಾಳಲ್ಲ."

"ಬರೇ ಮಷೀನ್ ಆಗಿದ್ರ ಹೆಂಗ ಹೇಳ್ತಿದ್ಲೋ?"

ಓಣಿಯೆಲ್ಲ ಹೌದೆಂದಿತು. ರಸೀದಿ ಹರಿದು ಕೊಡುತ್ತಿದ್ದ ಸಾಹೇಬನೂ ಹೌದೆಂದ.