ಆರು ಗಂಟೆಯವರೆಗಿನ ಮೌನ

ಕಂಪ್ಲಿಯ ಅಕ್ಕಿ ಗಿರಣಿಯ ವೀರೇಶ್ ಸಂಜೆ ಆರರ ತನಕ ಬಾಯಿ ತೆರೆಯುವುದಿಲ್ಲವೆಂದು ಒಪ್ಪಿಕೊಂಡದ್ದೇ ಎಲ್ಲ ಅನಾಹುತಕ್ಕೂ ಮೂಲ. ಗಿರಣಿಯ ಸದ್ದಿನಲ್ಲಿ ಇಪ್ಪತ್ತು ವರ್ಷ ಕೂಗಿ ಕೂಗಿ ಮಾತಾಡಿದ ಮನುಷ್ಯ ಅವನು. ಮನೆಯಲ್ಲಿ ನೀರು ಕೇಳಿದರೆ ಎದುರುಮನೆಯವರು ಚೊಂಬು ಹಿಡಿದು ಬರುತ್ತಿದ್ದರು.

ಅವನ ಆರು ವರ್ಷದ ಮಗಳು ಪೂಜಿತಾಳಿಗೆ ಆಟಿಸಂ ಇತ್ತು, ಮಾತು ಬಂದಿರಲಿಲ್ಲ. ಮೂರು ತಿಂಗಳಿಂದ ಚಿತ್ರದ ಕಾರ್ಡುಗಳಲ್ಲಿ ಹೇಳಲು ಕಲಿತಿದ್ದಳು. ನೀರು ಬೇಕಾದರೆ ನೀರಿನ ಚಿತ್ರ, ಜೋಕಾಲಿ ಬೇಕಾದರೆ ಜೋಕಾಲಿಯ ಚಿತ್ರ ತಂದು ಅಮ್ಮ ಸ್ಫೂರ್ತಿಯ ಕೈಗಿಡುತ್ತಿದ್ದಳು. ಅಪ್ಪನ ಕೈಗೆ ಮಾತ್ರ ಇಲ್ಲಿಯವರೆಗೆ ಒಂದು ಕಾರ್ಡೂ ಬಂದಿರಲಿಲ್ಲ. ಒಂದೇ ಒಂದು ಬಂದರೆ ಸಾಕೆಂದು ವೀರೇಶನ ಜೀವ ಕಾಯುತ್ತಿತ್ತು. ಅದಕ್ಕೇ ಗಿರಣಿಗೆ ಬೀಗ ಹಾಕಿ, ಹೊಸಪೇಟೆಯಲ್ಲಿ ತಂದೆ ತಾಯಂದಿರಿಗೆಂದು ನಡೆಯುವ ತರಬೇತಿಗೆ ಬಂದಿದ್ದ.

"ಆಕಿ ಕಾರ್ಡು ಹುಡುಕೋದ್ರಾಗ ನೀವು ಹತ್ತು ಪ್ರಶ್ನೆ ಕೇಳಿ ಮುಗಿಸಿರ್ತೀರಿ," ಎಂದರು ತರಬೇತಿ ಕೊಡುವ ಅರ್ಚಿತಾ ಮೇಡಂ. "ಇವತ್ತು ಆರು ಗಂಟಿ ತನಕ ಮಾತು ಬ್ಯಾಡ, ಬರೆಯೋದೂ ಬ್ಯಾಡ. ಬರೇ ಕಾರ್ಡು. ಆಕಿ ದಿನಾ ಹೆಂಗ ಕಳೀತಾಳ ನೋಡ್ರಿ. ಇನ್ನೊಂದು, ಆಕಿ ಯಾವ ಕಾರ್ಡು ಕೊಟ್ರೂ ಆ ಕ್ಷಣಾನೇ ನಡಸಿಕೊಡ್ರಿ. ಇಲ್ಲಂದ್ರ ಮತ್ತ ಕೊಡೋದಿಲ್ಲ."

ವೀರೇಶ್ ಮೇಡಂ ಕೊಟ್ಟ ಕಾರ್ಡುಗಳ ಗೊಂಚಲನ್ನು ಕೊರಳಿಗೆ ಹಾಕಿಕೊಂಡು ನಾಲ್ಕರ ಬಸ್ಸು ಹತ್ತಿದ. ಕಂಡಕ್ಟರ್ ಹನುಮಣ್ಣ ಎಲ್ಲಿಗೆಂದು ಕೇಳಿದ. ವೀರೇಶ್ ಮನೆಯ ಚಿತ್ರ ತೋರಿಸಿದ.

"ಎಲ್ಲಾರೂ ಮನಿಗೇ ಹೋಗೋರು. ಊರು ಹೇಳ್ರಿ."

ಬಸ್ಸಿನ ಚಿತ್ರ ತೋರಿಸಿದ. "ಬಸ್ಸಿನಾಗೇ ಅದೀರಿ," ಎಂದ ಹನುಮಣ್ಣ. ಬೆವರುತ್ತ ಹುಡುಕಿ ಕೊನೆಗೆ ಅನ್ನದ ಚಿತ್ರ ಎತ್ತಿದಾಗ ಹನುಮಣ್ಣ ತಲೆ ಕೆರೆದುಕೊಂಡ. "ಅಕ್ಕಿ... ಗಿರಣಿ... ಕಂಪ್ಲಿ ಏನ್ರಿ?" ವೀರೇಶನಿಗೆ ಅವನನ್ನು ತಬ್ಬಿಕೊಳ್ಳಬೇಕೆನಿಸಿತು. ಹೇಳಿದ್ದು ಒಬ್ಬರಿಗೆ ತಿಳಿದರೆ ಇಷ್ಟು ಸುಖವಾಗುತ್ತದೆಯೇ ಎಂದು ಸೋಜಿಗಪಟ್ಟ. ಮಗಳು ಇದಕ್ಕಾಗಿ ದಿನಕ್ಕೆಷ್ಟು ಸಲ ಕಾಯುತ್ತಾಳೋ.

ಪಕ್ಕದ ಸೀಟಿನ ಹೊಳೆಮ್ಮ ಇದನ್ನೆಲ್ಲ ಗಮನಿಸುತ್ತಿದ್ದಳು. ವೀರೇಶನ ಹಣೆ ತುಂಬ ವಿಭೂತಿ, ಬಾಯಲ್ಲಿ ಮಾತಿಲ್ಲ, ಕೊರಳಲ್ಲಿ ಚಿತ್ರಗಳು. "ಸ್ವಾಮ್ಯಾರು ಮೌನ ಹಿಡದಾರ," ಎಂದು ಹಿಂದಿನವರಿಗೆ ಪಿಸುಗುಟ್ಟಿದಳು. "ಗಿಳಿ ಸೈತ ಇಲ್ಲದಂಗ ಚಿತ್ರದಾಗ ಶಾಸ್ತ್ರ ಹೇಳ್ತಾರಂದ್ರ ಭಾಳ ದೊಡ್ಡೋರು."

ಅವನು ತಿರುಗಿ ನೋಡುವಷ್ಟರಲ್ಲಿ ಹೊಳೆಮ್ಮ ಕಣ್ಣು ಮುಚ್ಚಿ ಒಂದು ಕಾರ್ಡು ಹಿಡಿದಾಗಿತ್ತು. ಜೋಕಾಲಿ. "ನಮ್ಮ ಸೊಸಿ ತೊಟ್ಲು ತೂಗ್ತಾಳ," ಎಂದು ಅವಳ ಕಣ್ಣು ತುಂಬಿ ಬಂತು. ವೀರೇಶ್ ಜೋರಾಗಿ ತಲೆಯಲ್ಲಾಡಿಸಿ 'ಸಾಕು' ಎನ್ನುವ ಕಾರ್ಡು ಎತ್ತಿ ಹಿಡಿದ. ಅದರಲ್ಲಿದ್ದದ್ದು ಒಂದು ಕೆಂಪು ಅಂಗೈ, ಅಷ್ಟೆ. ಅಭಯಹಸ್ತ ಕಂಡವರಂತೆ ಇಡೀ ಬಸ್ಸು ತಲೆ ಬಾಗಿಸಿತು.

ಅವನು ಸಾಕು ಎಂದಷ್ಟೂ ಜನ ಎದ್ದು ಬಂದರು. ಹನುಮಣ್ಣನೂ ತನ್ನ ವರ್ಗಾವಣೆ ಎಲ್ಲಿಗಾದೀತೆಂದು ಕೇಳಿಕೊಂಡು ಒಂದು ಕಾರ್ಡು ಹಿಡಿದ. ಪಾಯಿಖಾನೆಯ ಚಿತ್ರ ಬಂತು. ಅವನು ಮತ್ತೆ ಏನೂ ಕೇಳದೆ ಮುಂದಿನ ಬಾಗಿಲಿಗೆ ಹೋಗಿ ನಿಂತ.

ಕಂಪ್ಲಿಯಲ್ಲಿಳಿದಾಗ ಹಿಂದೆ ಹದಿನೈದು ಜನ. ನೆರೆಮನೆಯ ಜಂಬಪ್ಪ ಎದುರಾದದ್ದು ಕಂಡು ವೀರೇಶನಿಗೆ ಹೋದ ಜೀವ ಬಂತು. ಇವನಾದರೂ ನಿಜ ಹೇಳಿಯಾನು.

"ವೀರೇಶಣ್ಣ ಬಾಯಿ ಮುಚ್ಯಾನೇನು?" ಜಂಬಪ್ಪ ಹುಬ್ಬೇರಿಸಿದ. "ನಾ ಈತನ್ನ ಮೂವತ್ತು ವರ್ಷದಿಂದ ಬಲ್ಲೆ. ಇದು ಪವಾಡನೇ ಬಿಡ್ರಿ." ಹದಿನೈದು ಜನ ಮೂವತ್ತಾದರು.

ಮನೆಯಂಗಳ ತಲುಪುವುದಕ್ಕೂ ಆರು ಗಂಟೆಯಾಗುವುದಕ್ಕೂ ಸರಿಹೋಯಿತು. ವೀರೇಶನ ಬಾಯಿ ಕಾಲುವೆಯ ಗೇಟು ಎತ್ತಿದ ಹಾಗೆ ತೆರೆದುಕೊಂಡಿತು.

"ನಾ ಸ್ವಾಮಿ ಅಲ್ರಿ, ಗಿರಣಿಯಾವ. ಇವು ನನ್ನ ಮಗಳು ಮಾತಾಡೋ ಕಾರ್ಡು. ಸಾಕು ಸಾಕು ಅಂತ ಎಷ್ಟು ತೋರಿಸಿದೆ, ಒಬ್ರಾದ್ರೂ ಕೇಳಿದ್ರೇನು?"

ಹೊಳೆಮ್ಮನ ಮುಖ ಇಳಿಯಿತು. ಅವಳೂ ಇನ್ನು ಕೆಲವರೂ ಅಂಗಳದಂಚಿಗೆ ಭಕ್ತಿಯಿಂದ ಬಿಟ್ಟಿದ್ದ ಚಪ್ಪಲಿ ಮೆಟ್ಟಿದರು. ಅಲ್ಲಿಗೆ ನಿಲ್ಲಿಸಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಮಧ್ಯಾಹ್ನದಿಂದ ಕಟ್ಟಿಟ್ಟ ಮಾತು ಅಷ್ಟಕ್ಕೇ ನಿಲ್ಲುತ್ತದೆಯೇ? ತರಬೇತಿ, ಬಸ್ಸು, ಹನುಮಣ್ಣ ಎಲ್ಲವೂ ಗಿರಣಿಯ ದನಿಯಲ್ಲೇ ಹೊರಬಂದವು. ಕಟ್ಟೆಯ ಮೇಲೆ ಬಾಟಲಿ ಮುಚ್ಚಳ ಜೋಡಿಸುತ್ತಿದ್ದ ಪೂಜಿತಾ ಎರಡೂ ಕಿವಿ ಮುಚ್ಚಿಕೊಂಡದ್ದನ್ನು ಅವನು ಕಾಣಲಿಲ್ಲ.

ಯಾರೋ ಕೈಬೆರಳು ಎಳೆದರು. ನೋಡಿದರೆ ಪೂಜಿತಾ. ತನ್ನ ಕಾರ್ಡುಗಳ ಪುಸ್ತಕದಿಂದ ಒಂದನ್ನು ಕಿತ್ತು ತಂದು ಅವನ ಕೈಯಲ್ಲಿಟ್ಟಳು.

ಕೆಂಪು ಅಂಗೈ.

ವೀರೇಶ್ ಅರ್ಧ ಮಾತಿಗೇ ನಿಂತ. ಬಾಗಿಲಲ್ಲಿದ್ದ ಸ್ಫೂರ್ತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಪ್ಪನ ಕೈಗೆ ಬಂದ ಮೊದಲ ಕಾರ್ಡು ಅದು. ಅವನು ಮೆಲ್ಲಗೆ ಕಟ್ಟೆಯ ಮೇಲೆ ಕೂತ. ಪೂಜಿತಾ ಅವನ ಬಾಯನ್ನೇ ಸ್ವಲ್ಪ ಹೊತ್ತು ನೋಡಿ, ನಿಜವಾಗಿ ನಿಂತಿದೆಯೆಂದು ಖಾತ್ರಿಯಾದ ಮೇಲೆ ಅವನ ಪಕ್ಕದಲ್ಲೇ ಕೂತು ಮುಚ್ಚಳ ಜೋಡಿಸತೊಡಗಿದಳು. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು.

ಹೊಳೆಮ್ಮ ಮೆಟ್ಟಿದ ಚಪ್ಪಲಿ ಮತ್ತೆ ಬಿಟ್ಟಳು. "ನೋಡ್ರಿ, ನಮ್ಮನ್ನ ಪರೀಕ್ಷಾ ಮಾಡಿದ್ರು. ಮತ್ತ ಮೌನಕ್ಕ ಹೋದ್ರು."

ಜಂಬಪ್ಪ ತೆಂಗಿನಕಾಯಿ ತರಲು ಮನೆಗೆ ಓಡಿದ. ವೀರೇಶ್ ಮಗಳತ್ತ ಒಮ್ಮೆ ನೋಡಿ, ಹಲ್ಲು ಕಚ್ಚಿಕೊಂಡು, ಕೈಯಲ್ಲಿದ್ದ ಕಾರ್ಡನ್ನು ಜನರತ್ತ ಎತ್ತಿ ಹಿಡಿದ.

ಎಲ್ಲರೂ ತಲೆ ಬಾಗಿಸಿದರು.